ಎಪ್ಪತ್ತು ಸಾವಿರದ ಲ್ಯಾಪ್‌ಟಾಪ್ ಒಂಬತ್ತನೇ ಕ್ಲಾಸಿಗೆ ಬೇಡ

ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ದಿನವೇ ನಮಗೆಲ್ಲ ಊರಲ್ಲಿ ಒಂದು ಹೊಸ ಹುದ್ದೆ ಸಿಗುತ್ತೆ. ಸಂಬಳ ಇಲ್ಲ, ರಜೆಯೂ ಇಲ್ಲ. ಮೊಬೈಲ್ ಹ್ಯಾಂಗ್ ಆದ್ರೆ ನಾವು, ಟಿವಿಗೆ ನೆಟ್ ಬರದಿದ್ರೆ ನಾವು, ಬ್ಯಾಂಕಿನ ಒಟಿಪಿ ಬರದಿದ್ರೂ ನಾವೇ. ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ಇನ್ನೊಂದು ಪ್ರಶ್ನೆ ಶುರುವಾಗುತ್ತೆ: "ಮಗಾ, ನಮ್ಮ ಹುಡುಗ ಈ ಸಲ ಒಂಬತ್ತನೇ ಕ್ಲಾಸು. ಒಂದ್ ಲ್ಯಾಪ್‌ಟಾಪ್ ಕೊಡ್ಸೋಣ ಅಂತಿದೀನಿ. ಯಾವ್ದು ಚೆನ್ನಾಗೈತೆ ನೀನೇ ಹೇಳು." ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಂದಿರೋ ಯಾರನ್ನಾದ್ರೂ ಕೇಳಿ ನೋಡಿ, ಈ ಫೋನ್ ಬಂದಿಲ್ಲ ಅನ್ನೋರು ಸಿಗೋದು ಕಷ್ಟ.

ಇದಕ್ಕೆ ಕ್ಯಾಂಪಸ್‌ನಿಂದ ಹೋಗೋ ಉತ್ತರ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್, 144 ಹರ್ಟ್ಸ್ ಸ್ಕ್ರೀನ್. "ಒಂದೇ ಸಲ ಒಳ್ಳೇದೇ ತಗೊಂಡ್ಬಿಡಿ ಮಾವ, ಇಂಜಿನಿಯರಿಂಗ್ ಮುಗಿಯೋವರೆಗೂ ನಡೆಯುತ್ತೆ" ಅನ್ನೋ ಸಮಾಧಾನ ಬೇರೆ. ಆ ಕಡೆ ಮಾವ ಎಪ್ಪತ್ತು ಸಾವಿರ ಹೊಂದಿಸೋದು ಹೆಂಗೆ ಅಂತ ಯೋಚನೆ ಮಾಡ್ತಾ ಫೋನ್ ಇಡ್ತಾರೆ.

ಈ ಸಲಹೆ ತಪ್ಪು ಅನ್ನೋದು ನನ್ನ ವಾದ. ಹೈಸ್ಕೂಲ್ ಮಗುವಿಗೆ ಲ್ಯಾಪ್‌ಟಾಪ್ ಖಂಡಿತ ಬೇಕು, ಆದರೆ ಅದಕ್ಕೆ 25 ಸಾವಿರಕ್ಕಿಂತ ಹೆಚ್ಚು ಹಾಕಬಾರದು. ಅಷ್ಟು ದುಡ್ಡಿಗೆ ನಮ್ಮ ತಾಲ್ಲೂಕುಗಳಲ್ಲಿ ಸಿಗೋ ಅತ್ಯುತ್ತಮ ಆಯ್ಕೆ ಬಹಳ ಸಲ ಹೊಸ ಮೆಷಿನ್ ಅಲ್ಲ, ಯಾವುದೋ ಕಂಪನಿಯಲ್ಲಿ ಮೂರ್ನಾಲ್ಕು ವರ್ಷ ದುಡಿದು ಬಂದ ಹಳೇ ಮೆಷಿನ್.

ಲೆಕ್ಕ ಎಲ್ಲಿ ತಪ್ಪುತ್ತೆ

ಬೆರಳು ಮಡಚಿ ಎಣಿಸೋಣ. ಒಂಬತ್ತು, ಹತ್ತು, ಎರಡು ವರ್ಷ ಪಿಯುಸಿ. ಅಂದ್ರೆ ಇವತ್ತು ತಗೊಂಡ ಲ್ಯಾಪ್‌ಟಾಪ್ ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ಗೆ ಬರೋ ಹೊತ್ತಿಗೆ ಅದಕ್ಕೆ ನಾಲ್ಕು ವರ್ಷ. ಫೈನಲ್ ಇಯರ್ ಪ್ರಾಜೆಕ್ಟ್ ಹೊತ್ತಿಗೆ ಎಂಟು. ಸಾಮಾನ್ಯವಾಗಿ ಕಂಪನಿ ಕೊಡೋ ವಾರಂಟಿ ಒಂದೇ ವರ್ಷ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆಗಿ ಇಳಿಯೋ ಹೊತ್ತಿಗೆ ಸೊರಗಿರುತ್ತೆ, ದಿನಾ ಬಳಸಿದ್ರೆ ಮೂರ್ನಾಲ್ಕು ವರ್ಷ ಅಂದ್ಕೊಳ್ಳಿ. ಅಂದ್ರೆ ಆ ದುಬಾರಿ ಗ್ರಾಫಿಕ್ಸ್ ಕಾರ್ಡ್‌ಗೆ ನಿಜವಾದ ಕೆಲಸ ಬರೋ ಹೊತ್ತಿಗೆ ಮೆಷಿನ್ನಿನ ಬ್ಯಾಟರಿ ಮುಗಿದಿರುತ್ತೆ, ಕೀಲು ಸಡಿಲ ಆಗಿರುತ್ತೆ. ಇಷ್ಟಕ್ಕೂ ಆ ಹುಡುಗ ಸಿಎಸ್ ತಗೋತಾನೋ, ಸಿವಿಲ್ ತಗೋತಾನೋ, ಬಿಎಸ್ಸಿ ಅಗ್ರಿಗೆ ಹೋಗ್ತಾನೋ, ಕಾಮರ್ಸ್ ಓದ್ತಾನೋ ಇವತ್ತು ಯಾರಿಗೆ ಗೊತ್ತು? ಬ್ರಾಂಚ್ ಗೊತ್ತಿಲ್ಲದೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳೋದು, ಹೊಲ ನೋಡದೆ ಬಿತ್ತನೆ ಬೀಜ ತಂದಂಗೆ.

ಎಪ್ಪತ್ತು ಸಾವಿರ ಇದೆ ಅಂತಲೇ ಇಟ್ಕೊಳ್ಳಿ. ಈಗ 22 ಸಾವಿರದ್ದು ಒಂದು, ನಾಲ್ಕು ವರ್ಷದ ನಂತರ 48 ಸಾವಿರದ್ದು ಒಂದು ತಗೊಳ್ಳಿ. ಎರಡನೇದು ಆ ಕಾಲದ ಹೊಸ ಮೆಷಿನ್ ಆಗಿರುತ್ತೆ, ವಾರಂಟಿ ಇರುತ್ತೆ, ಬ್ರಾಂಚಿಗೆ ತಕ್ಕಂಗೆ ಇರುತ್ತೆ. ಮೊದಲನೇದು ತಮ್ಮನಿಗೋ ತಂಗಿಗೋ ಹೋಗುತ್ತೆ.

ದುಡ್ಡು ಎಲ್ಲಿಂದ ಬರುತ್ತೆ ಅನ್ನೋದೂ ಮುಖ್ಯ. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಇಂಥ ಕಡೆ ಮನೆಗೆ ದುಡ್ಡು ಬರೋದು ತಿಂಗಳ ಒಂದನೇ ತಾರೀಖಿಗಲ್ಲ. ಈರುಳ್ಳಿ ರೇಟು ನಿಂತ್ರೆ ಬರುತ್ತೆ, ಅಡಿಕೆ ಕೊಯ್ಲಾದ್ರೆ ಬರುತ್ತೆ, ಬೋರ್‌ವೆಲ್ ಬತ್ತಿದ್ರೆ ಬರಲ್ಲ. ಹಂಗಾಗಿ "ನೋ ಕಾಸ್ಟ್ ಇಎಮ್‌ಐ ಇದೆಯಲ್ಲ" ಅಂತ ನಾವು ಸಲೀಸಾಗಿ ಹೇಳಿಬಿಡಬಾರದು. ಇಎಮ್‌ಐ ತಿಂಗಳು ತಪ್ಪದೆ ಬರುತ್ತೆ, ಮಳೆ ಹಂಗೆ ಬರಲ್ಲ. ಪ್ರೊಸೆಸಿಂಗ್ ಫೀ ಸೇರಿಸಿ, ಪೂರ್ತಿ ದುಡ್ಡು ಕೊಟ್ಟರೆ ಸಿಗ್ತಿದ್ದ ರಿಯಾಯಿತಿ ಕಳೆದು ನೋಡಿದ್ರೆ "ನೋ ಕಾಸ್ಟ್" ಎಷ್ಟು ನೋ ಅಂತ ಗೊತ್ತಾಗುತ್ತೆ.

ಹಂಗಾದ್ರೆ ಫೋನ್ ಸಾಲದಾ?

"ಇಷ್ಟೆಲ್ಲ ಯಾಕೆ, ಹೈಸ್ಕೂಲಿಗೆ ಫೋನೇ ಸಾಕು, ಲ್ಯಾಪ್‌ಟಾಪ್ ಇಂಜಿನಿಯರಿಂಗ್‌ಗೆ ನೋಡ್ಕೊಂಡ್ರಾಯ್ತು" ಅನ್ನೋರೂ ಇದ್ದಾರೆ. ಪಾಠದ ವಿಡಿಯೊ ನೋಡೋಕೆ ಫೋನ್ ಸಾಕು, ಒಪ್ಪಿದೆ. ಆದರೆ ಫೋನ್ ನೋಡೋ ಸಾಧನ, ಬರೆಯೋ ಸಾಧನ ಅಲ್ಲ. ಎರಡು ಪುಟದ ಪ್ರಬಂಧ ಟೈಪ್ ಮಾಡೋದು, ಹತ್ತು ಸಾಲಿನ ಪ್ರೋಗ್ರಾಂ ಬರೆದು ಓಡಿಸೋದು, ಅಪ್ಪನ ಹಾಲಿನ ಡೈರಿ ಲೆಕ್ಕವನ್ನ ಶೀಟ್‌ನಲ್ಲಿ ಹಾಕೋದು ಇದೆಲ್ಲ ಫೋನಲ್ಲಿ ಆಗಲ್ಲ ಅಂತಲ್ಲ, ಯಾರೂ ಮಾಡಲ್ಲ.

ನಮ್ಮ ಮೊದಲ ಸೆಮಿಸ್ಟರ್ ಸಿ ಲ್ಯಾಬ್ ನೆನಪಿಸಿಕೊಳ್ಳಿ. ಒಂದು ಸಾಲಲ್ಲಿ ಕೂತವರು ಹತ್ತು ನಿಮಿಷಕ್ಕೆ ಪ್ರೋಗ್ರಾಂ ಮುಗಿಸಿ ಮಾತಾಡ್ತಾ ಇರ್ತಾರೆ. ಪಕ್ಕದ ಸಾಲಲ್ಲಿ ಗಣಿತಕ್ಕೆ ತೊಂಬತ್ತೈದು ತೆಗೆದವರು ಸೆಮಿಕೋಲನ್ ಕೀಬೋರ್ಡಿನಲ್ಲಿ ಎಲ್ಲಿದೆ ಅಂತ ಹುಡುಕ್ತಾ ಇರ್ತಾರೆ. ಅವರಿಗೆ ಲಾಜಿಕ್ ಗೊತ್ತಿಲ್ಲ ಅಂತಲ್ಲ. ಫೈಲ್ ಎಲ್ಲಿ ಸೇವ್ ಆಯ್ತು, ಫೋಲ್ಡರ್ ಅಂದ್ರೆ ಏನು, ಕಾಪಿ-ಪೇಸ್ಟ್‌ಗೆ ಯಾವ ಕೀ ಅನ್ನೋದನ್ನ ಹದಿನೆಂಟನೇ ವಯಸ್ಸಲ್ಲಿ, ಎಲ್ಲರ ಮುಂದೆ ಕಲೀಬೇಕಾಗಿ ಬಂದಿರುತ್ತೆ. ಆ ನಾಚಿಕೆಯಲ್ಲಿ ಡೌಟ್ ಕೇಳೋದನ್ನೇ ನಿಲ್ಲಿಸಿದವರು ನಮ್ಮ ಕ್ಲಾಸಲ್ಲಿ ಎಷ್ಟು ಜನ ಅಂತ ನಮಗೆ ಗೊತ್ತು. ಹೈಸ್ಕೂಲಲ್ಲಿ ಮನೆಯಲ್ಲೊಂದು ಸಾಧಾರಣ ಕಂಪ್ಯೂಟರ್ ಇದ್ದಿದ್ರೆ ಇದು ತಪ್ಪುತ್ತಿತ್ತು. ಅದಕ್ಕೆ ಐ7 ಬೇಕಿರಲಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಸರ್ಕಾರಿ ಹೈಸ್ಕೂಲುಗಳಲ್ಲಿ ಕಂಪ್ಯೂಟರ್ ಕಲಿಸೋಕೆ ಮಾಹಿತಿ ಸಿಂಧು ಅನ್ನೋ ಯೋಜನೆ ಬಂದು ಎರಡು ದಶಕ ದಾಟಿತು. 2019–20ರಲ್ಲಿ ಸರ್ಕಾರಿ ಪದವಿ ಕಾಲೇಜಿನ ಮೊದಲ ವರ್ಷದವರಿಗೆ ಉಚಿತ ಲ್ಯಾಪ್‌ಟಾಪ್ ಕೊಟ್ಟರು. ಆದರೆ ನಮ್ಮ ರಾಜ್ಯ ಪಠ್ಯಕ್ರಮದ ಎಸ್ಸೆಸ್ಸೆಲ್ಸಿಯಲ್ಲಿ ಕಂಪ್ಯೂಟರ್ ಅನ್ನೋದು ಎಲ್ಲರೂ ಬರೆಯಲೇಬೇಕಾದ ವಿಷಯ ಆಗಲಿಲ್ಲ.

ಗಡಿ ದಾಟಿ ಕಾಸರಗೋಡಿಗೆ ಹೋಗಿ ನೋಡಿ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಪಠ್ಯಕ್ರಮ ಓದ್ತಾರೆ. ಅವರಿಗೆ ಐಸಿಟಿ ಅನ್ನೋದು ಒಂದು ವಿಷಯ, ಅದರ ಪುಸ್ತಕ ಕನ್ನಡದಲ್ಲಿದೆ, ಎಸ್ಸೆಸ್ಸೆಲ್ಸಿಯಲ್ಲಿ ಐಟಿಗೆ ಕಂಪ್ಯೂಟರ್ ಮುಂದೆ ಕೂತು ಮಾಡೋ ಪ್ರಾಯೋಗಿಕ ಪರೀಕ್ಷೆ ಇದೆ. ಅಲ್ಲಿ ಐಟಿ ಅಟ್ ಸ್ಕೂಲ್ ಅಂತ 2001ರಲ್ಲಿ ಶುರುವಾದ ಯೋಜನೆ ಈಗ ಕೈಟ್ ಅನ್ನೋ ಸಂಸ್ಥೆ ಆಗಿದೆ. ಶಾಲೆಗಳಲ್ಲಿ ಓಡೋದು ಅವರದ್ದೇ ಉಬುಂಟು ಆಧಾರಿತ ಗ್ನು/ಲಿನಕ್ಸ್. ಅಂದ್ರೆ ಕನ್ನಡ ಮಾಧ್ಯಮದ ಹದಿನಾಲ್ಕು ವರ್ಷದ ಮಗು ಲಿನಕ್ಸ್ ಬಳಸಿ, ಕನ್ನಡದಲ್ಲೇ ಪಾಠ ಓದಿ ಕಂಪ್ಯೂಟರ್ ಕಲಿಯೋದು ಕನಸಲ್ಲ, ಅಲ್ಲಿ ದಿನನಿತ್ಯದ ಮಾತು. ಹೊಳಲ್ಕೆರೆಯ ಮಗುವಿಗೆ ಶಾಲೆ ಅದನ್ನ ಕೊಡದಿದ್ದಾಗ ಮನೆಯೇ ಕೊಡಬೇಕಾಗುತ್ತೆ. ಹಂಗಾಗಿ ಯಾವ ಲ್ಯಾಪ್‌ಟಾಪ್ ಅನ್ನೋ ಪ್ರಶ್ನೆಗೆ ನಾವು ಕೊಡೋ ಉತ್ತರಕ್ಕೆ ಇಷ್ಟು ತೂಕ.

ಅಂಗಡಿಯವರ ಹೆಸರುಗಳು, ನಮ್ಮ ಹುಡುಗನ ಕೆಲಸಗಳು

ಹೈಸ್ಕೂಲ್ ಮಗುವಿನ ಕೆಲಸ ಏನು? ಬ್ರೌಸರ್, ಪಾಠದ ಪಿಡಿಎಫ್, ವಿಡಿಯೊ, ಟೈಪಿಂಗ್, ಜಿಯೋಜೀಬ್ರಾದಲ್ಲಿ ಒಂದಿಷ್ಟು ರೇಖಾಗಣಿತ, ಪೈಥಾನ್ ಮೊದಲ ಪಾಠ. ಇದಕ್ಕೆ ಬೇಕಾಗಿರೋದು ನಾಲ್ಕೇ.

ಮೊದಲನೇದು ರ‍್ಯಾಮ್ 8 ಜಿಬಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಅಂತ ಮೈಕ್ರೋಸಾಫ್ಟೇ ಹೇಳುತ್ತೆ. ಅದು ಬಸ್ಸಲ್ಲಿ ಫುಟ್‌ಬೋರ್ಡ್ ಮೇಲೆ ನಿಂತ್ಕೊಂಡೂ ಊರು ಸೇರಬಹುದು ಅಂದಂಗೆ.

ಎರಡನೇದು ನಿಜವಾದ ಎಸ್‌ಎಸ್‌ಡಿ, 256 ಜಿಬಿ. ಅಗ್ಗದ ಮೆಷಿನ್‌ಗಳಲ್ಲಿ 64 ಜಿಬಿಯ ಇಎಮ್‌ಎಮ್‌ಸಿ ಇರುತ್ತೆ, ಅಂದ್ರೆ ಫೋನ್‌ನಲ್ಲಿ ಇರೋ ಥರದ ಮೆಮೊರಿ, ಬೋರ್ಡಿಗೆ ಬೆಸುಗೆ ಹಾಕಿರ್ತಾರೆ. ವಿಂಡೋಸೇ ಅದರಲ್ಲಿ ಅರ್ಧದ ಹತ್ತಿರ ತಿನ್ನುತ್ತೆ. ಎರಡು ಅಪ್‌ಡೇಟ್ ಬಂದ್ರೆ ಜಾಗ ಇಲ್ಲ ಅನ್ನುತ್ತೆ. ಬದಲಾಯಿಸೋಕೂ ಆಗಲ್ಲ. 2023ರ ಜುಲೈನಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್ ನೆನಪಿರಬಹುದು. ಲ್ಯಾಪ್‌ಟಾಪ್‌ಗೇ ಸಿಮ್ ಹಾಕೋ ಆಲೋಚನೆ ಹಳ್ಳಿ ಮನೆಗಳಿಗೆ ಹೇಳಿ ಮಾಡಿಸಿದಂಗಿತ್ತು. ಆದರೆ 4 ಜಿಬಿ ರ‍್ಯಾಮ್, 64 ಜಿಬಿ ಇಎಮ್‌ಎಮ್‌ಸಿ, 11.6 ಇಂಚಿನ ಸ್ಕ್ರೀನ್. ದೊಡ್ಡ ಫೋನಿಗೆ ಕೀಬೋರ್ಡ್ ಸಿಕ್ಕಿಸಿದಂಗಾಯ್ತು. ಅಗ್ಗ ಅನ್ನೋದು ಒಂದೇ ಕಾರಣ ಆದ್ರೆ ಹಿಂಗಾಗುತ್ತೆ.

ಮೂರನೇದು 1920×1080 ಸ್ಕ್ರೀನ್. 1366×768 ಸ್ಕ್ರೀನಲ್ಲಿ ಇಂಗ್ಲಿಷ್ ಹೆಂಗೋ ಓದಬಹುದು. ಕನ್ನಡದ ಒತ್ತಕ್ಷರ, ವಟ್ರಸುಳಿ ಸಣ್ಣ ಅಕ್ಷರದಲ್ಲಿ ಒಂದಕ್ಕೊಂದು ಮೆತ್ತಿಕೊಳ್ಳುತ್ತೆ. ಸಂಜೆ ಎರಡು ತಾಸು ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದ ಪಿಡಿಎಫ್ ಓದೋ ಮಗುವಿನ ಕಣ್ಣಿಗೆ ಇದು ದೊಡ್ಡ ವ್ಯತ್ಯಾಸ.

ನಾಲ್ಕನೇದು ಪ್ರೊಸೆಸರ್. ಇಲ್ಲೇ ಹೆಚ್ಚು ಮೋಸ ಹೋಗೋದು, ಯಾಕಂದ್ರೆ ಹೆಸರುಗಳೇ ಗೊಂದಲ. ರೈಜೆನ್ 3 7320ಯು ಅಂದ ತಕ್ಷಣ "7000 ಸೀರೀಸ್, ಲೇಟೆಸ್ಟು" ಅನ್ಸುತ್ತೆ. ಎಎಮ್‌ಡಿಯ ಆ ಹೆಸರಿಡೋ ಪದ್ಧತಿಯಲ್ಲಿ ಮೂರನೇ ಅಂಕಿ ಒಳಗಿರೋ ವಿನ್ಯಾಸ ಯಾವ ತಲೆಮಾರಿನದು ಅಂತ ಹೇಳುತ್ತೆ. ಇಲ್ಲಿ ಅದು 2, ಅಂದ್ರೆ 2019ರ ಝೆನ್ 2. ಕೆಲಸಕ್ಕೆ ಬರಲ್ಲ ಅಂತಲ್ಲ, ಹೊಸದು ಅಂತ ಹೆಚ್ಚು ದುಡ್ಡು ಕೊಡಬೇಡಿ ಅಷ್ಟೆ. ಇಂಟೆಲ್‌ನಲ್ಲಿ ಸೆಲೆರಾನ್ ಎನ್4020 ಥರದ ಎರಡು ಕೋರಿನವು ಕಂಡ್ರೆ ಕೈಮುಗಿದು ಬನ್ನಿ. ಎನ್100 ಆದ್ರೆ, ಜೊತೆಗೆ 8 ಜಿಬಿ ಮತ್ತು ನಿಜವಾದ ಎಸ್‌ಎಸ್‌ಡಿ ಇದ್ರೆ, ಹೈಸ್ಕೂಲಿಗೆ ನಡೆಯುತ್ತೆ. ಹನ್ನೆರಡನೇ ತಲೆಮಾರಿನ ಐ3-1215ಯು ಸಿಕ್ಕಿದ್ರೆ ಬಹಳ ಒಳ್ಳೇದು, ಆದರೆ ಹೊಸದು ನಮ್ಮ ಮಿತಿಯೊಳಗೆ ಸಿಗೋದು ಅಪರೂಪ. ಸಾಲದ್ದಕ್ಕೆ 2025ರ ಕೊನೆಯಿಂದ ರ‍್ಯಾಮ್ ಚಿಪ್‌ಗಳ ಬೆಲೆಯೂ ಏರಿದೆ.

ಗ್ರಾಫಿಕ್ಸ್ ಕಾರ್ಡ್ ಬೇಡ. "ಕೋಡಿಂಗ್‌ಗೆ ಬೇಕಾಗುತ್ತಣ್ಣ" ಅಂತ ಹುಡುಗ ಹೇಳಿದ್ರೆ ಯಾವ ಕೋಡಿಂಗ್‌ಗೆ ಅಂತ ಒಂದೇ ಒಂದು ಸಲ ಕೇಳಿ.

ಡೆಸ್ಕ್‌ಟಾಪ್ ಇನ್ನೂ ಅಗ್ಗ ಅಲ್ವಾ ಅಂದ್ರೆ ಹೌದು. ಕಂಪನಿಗಳಿಂದ ಬಂದ ಪುಟ್ಟ ಡೆಸ್ಕ್‌ಟಾಪ್‌ಗೆ ಮನೆಯ ಟಿವಿಯನ್ನೇ ಎಚ್‌ಡಿಎಮ್‌ಐನಲ್ಲಿ ಸಿಕ್ಕಿಸಿದ್ರೆ ಬಹಳ ಕಡಿಮೆಗೆ ಮುಗಿಯುತ್ತೆ. ಆದರೆ ನಮ್ಮ ಜೋಗಿಮಟ್ಟಿ ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರ ತಿರುಗ್ತಾನೇ ಇದ್ರೂ ಕೆಳಗಿನ ಹಳ್ಳಿಯಲ್ಲಿ ಕರೆಂಟು ಹೋಗೋದು ಹೋಗುತ್ತೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಪ್ರತಿ ಸಲ ಧೊಪ್ ಅಂತ ಆಫ್ ಆಗುತ್ತೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿಯೇ ಯುಪಿಎಸ್. ಹಂಗಾಗಿ ಹಳ್ಳಿಗೆ ಲ್ಯಾಪ್‌ಟಾಪೇ ಸರಿ.

ಹಳೇದು ಅಂದ್ರೆ ಅವಮಾನ ಅಲ್ಲ

ಟ್ರ್ಯಾಕ್ಟರ್ ಸೆಕೆಂಡ್ ಹ್ಯಾಂಡ್ ತಗೋತೀವಿ, ಬೈಕ್ ತಗೋತೀವಿ, ಎಮ್ಮೆಯನ್ನಂತೂ ಹಲ್ಲು ನೋಡಿ, ಹಾಲು ಕರೆದು ನೋಡಿಯೇ ತಗೋತೀವಿ. ಲ್ಯಾಪ್‌ಟಾಪ್ ಮಾತ್ರ ಡಬ್ಬ ಹೊಸದಿರಬೇಕು.

ಬೆಂಗಳೂರಿನ ಕಂಪನಿಗಳು ಮೂರ್ನಾಲ್ಕು ವರ್ಷಕ್ಕೊಮ್ಮೆ ಸಾವಿರಗಟ್ಟಲೆ ಲ್ಯಾಪ್‌ಟಾಪ್ ಬದಲಾಯಿಸ್ತವೆ. ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಇವೆಲ್ಲ ಹೊಸದಾಗಿದ್ದಾಗ ಬಹಳ ಬೆಲೆಯ ಮೆಷಿನ್‌ಗಳು. ಗಟ್ಟಿ ಕೀಲು, ಒಳ್ಳೇ ಕೀಬೋರ್ಡ್, ಬಹುತೇಕ ಮಾಡೆಲ್‌ಗಳಲ್ಲಿ ಸ್ಕ್ರೂ ಬಿಚ್ಚಿದ್ರೆ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬದಲಾಯಿಸಬಹುದು. ಇವು ಎಸ್‌ಪಿ ರೋಡಿನ ಅಂಗಡಿಗಳಿಗೂ ಆನ್‌ಲೈನ್ ರೀಫರ್ಬಿಶ್ಡ್ ಮಾರಾಟಗಾರರಿಗೂ ಬರ್ತವೆ. ಹೊಸ ಸೆಲೆರಾನ್ ಮೆಷಿನ್ನಿನ ದುಡ್ಡಿಗೆ ಎಂಟನೇ ತಲೆಮಾರಿನ ಐ5 ಸಿಗುತ್ತೆ. ಕೆಲಸದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ.

ಆದರೆ ಇಲ್ಲಿ ಕಣ್ಣು ಬಿಟ್ಟು ವ್ಯಾಪಾರ ಮಾಡಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ಓಡೋದು ಇಂಟೆಲ್ ಎಂಟನೇ ತಲೆಮಾರು ಮತ್ತು ಅದರ ಮೇಲಿನವುಗಳಲ್ಲಿ, ಜೊತೆಗೆ ಟಿಪಿಎಮ್ 2.0 ಬೇಕು. ಹಂಗಾಗಿ ಆರು, ಏಳನೇ ತಲೆಮಾರಿನ ಮೆಷಿನ್‌ಗಳನ್ನ ಕಂಪನಿಗಳು ಗುಡ್ಡೆ ಹಾಕಿ ಹೊರಗೆ ಹಾಕಿವೆ. ಅಂಗಡಿಯವರು ಅದಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ "ಇಲೆವೆನ್ ಇದೆ ಸರ್" ಅಂತಾರೆ. ಪ್ರೊಸೆಸರ್ ನಂಬರ್ ಓದಿ. ಐ5-6300ಯು ಆರನೇ ತಲೆಮಾರು, ಐ5-7300ಯು ಏಳನೇದು, ಐ5-8250ಯು ಅಥವಾ 8350ಯು ಎಂಟನೇದು. ಥಿಂಕ್‌ಪ್ಯಾಡ್ ಟಿ480 2018ರ ಮಾಡೆಲ್, ಸಾಮಾನ್ಯವಾಗಿ ಎಂಟನೇ ತಲೆಮಾರಿನದೇ. ನೋಡೋಕೆ ಹಂಗೇ ಇರೋ ಟಿ470 ಹಿಂದಿನದು. ಏಳನೇ ತಲೆಮಾರಿನದನ್ನ ಲಿನಕ್ಸ್ ಹಾಕ್ಕೊಳ್ಳೋಕೆ ಅಂತ ಬಹಳ ಕಡಿಮೆ ಬೆಲೆಗೆ ತಗೊಂಡ್ರೆ ನಷ್ಟ ಇಲ್ಲ. ಎಂಟನೇದರ ಬೆಲೆ ಕೊಟ್ಟು ಏಳನೇದು ತರಬೇಡಿ.

ದುಡ್ಡು ಕೊಡೋ ಮುಂಚೆ ಎಮ್ಮೆಯ ಹಲ್ಲು ನೋಡೋ ಕೆಲಸ:

ಆನ್ ಆಗುವಾಗ ಬಯೋಸ್‌ಗೆ ಹೋಗಿ. ಥಿಂಕ್‌ಪ್ಯಾಡ್‌ಗೆ ಎಫ್1, ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10. ಪಾಸ್‌ವರ್ಡ್ ಕೇಳಿದ್ರೆ ಬೇಡ ಅನ್ನಿ. ಹಳೇ ಕಂಪನಿಯ ಬೀಗ ಇನ್ನೂ ಬಿಚ್ಚಿಲ್ಲ ಅಂತ ಅರ್ಥ.

ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯೋ ಕಮಾಂಡ್ ಇದೆ, ನಮಗೆಲ್ಲ ಗೊತ್ತು. ಡಿಸೈನ್ ಕೆಪಾಸಿಟಿ 50 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 25 ಅಂತ ತೋರಿಸಿದ್ರೆ ಅರ್ಧ ಆಯಸ್ಸು ಮುಗಿದಿದೆ. ಹೊಸ ಬ್ಯಾಟರಿ ಹಾಕಿಕೊಡಿ ಅನ್ನಿ, ಇಲ್ಲಾಂದ್ರೆ ಅಷ್ಟು ದುಡ್ಡು ಕಡಿಮೆ ಮಾಡಿಸಿ.

ಸೀರಿಯಲ್ ನಂಬರ್ ಕಂಪನಿಯ ಸೈಟಿಗೆ ಹಾಕಿ. ಯಾವ ಮಾಡೆಲ್, ವಾರಂಟಿ ಯಾವಾಗ ಮುಗೀತು ಅಂತ ಬರುತ್ತೆ. ಅಂಗಡಿಯವರು ಹೇಳಿದ್ದಕ್ಕೂ ಅದಕ್ಕೂ ತಾಳೆ ಆಗಬೇಕು.

ಪ್ರತಿ ಕೀ ಒತ್ತಿ ನೋಡಿ, ಪ್ರತಿ ಯುಎಸ್‌ಬಿಗೆ ಪೆನ್‌ಡ್ರೈವ್ ಹಾಕಿ ನೋಡಿ, ಕ್ಯಾಮೆರಾ ನೋಡಿ. ಬಿಲ್ಲಿನ ಮೇಲೆ ಎಷ್ಟು ತಿಂಗಳ ವಾರಂಟಿ ಅಂತ ಬರೆಸಿಕೊಳ್ಳಿ. ಬಾಯಿಮಾತಿನ ವಾರಂಟಿ ಹಿರಿಯೂರು ಟೋಲ್ ದಾಟೋ ಹೊತ್ತಿಗೆ ಮುಗಿದಿರುತ್ತೆ.

"ಬೆಂಗಳೂರಿಂದ ತಂದ ಹಳೇದು ಕೆಟ್ರೆ ಯಾರು ನೋಡ್ತಾರೆ?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಆದರೆ ಹೊಸದಕ್ಕೂ ಇದೇ ಪ್ರಶ್ನೆ ಕೇಳಿ. ಕಂಪನಿಯ ಸೈಟಲ್ಲಿ ಹೊಳಲ್ಕೆರೆಯ 577526, ಹೊಸದುರ್ಗದ 577527 ಪಿನ್‌ಕೋಡ್ ಹಾಕಿ, ಅಧಿಕೃತ ಸರ್ವಿಸ್ ಸೆಂಟರ್ ಎಷ್ಟು ದೂರ ತೋರಿಸುತ್ತೆ, ಮನೆಗೆ ಬಂದು ರಿಪೇರಿ ಮಾಡ್ತಾರಾ ಅಂತ ನೋಡಿ. ದಾವಣಗೆರೆಗೋ ಬೆಂಗಳೂರಿಗೋ ಹೊತ್ಕೊಂಡು ಹೋಗಬೇಕು ಅಂತಾದ್ರೆ ಹೊಸದರ ವಾರಂಟಿಗೂ ಬಸ್ ಚಾರ್ಜು ಸೇರಿಸಬೇಕು. ಬಿಚ್ಚಿ ಜೋಡಿಸೋಕೆ ಸುಲಭ ಇರೋ ಹಳೇ ಬಿಸಿನೆಸ್ ಮೆಷಿನ್ ಆದ್ರೆ ಊರಿನ ರಿಪೇರಿ ಅಂಗಡಿಯವರೇ ನೋಡಬಹುದು, ನಾವೂ ರಜೆಗೆ ಹೋದಾಗ ನೋಡಬಹುದು. ಆಷಾಢದ ಗಾಳಿಗೆ ಒಳಗೆ ಸೇರೋ ಕೆಮ್ಮಣ್ಣಿನ ಧೂಳನ್ನ ವರ್ಷಕ್ಕೊಂದು ಸಲ ಬ್ರಶ್ ಹಿಡಿದು ತೆಗೆಯೋದಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ.

ಒಳಗೆ ಏನು ಹಾಕಿಕೊಡಬೇಕು

ಅಂಗಡಿಯವರು ಪ್ರೀತಿಯಿಂದ "ಆಫೀಸ್ ಫ್ರೀಯಾಗಿ ಹಾಕಿಕೊಡ್ತೀವಿ" ಅಂತಾರೆ. ಆ ಕ್ರ್ಯಾಕ್ ಜೊತೆ ಬರೋ ವೈರಸ್ ಕೂಡ ಫ್ರೀನೇ. ಆಮೇಲೆ ಅದೇ ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಬ್ಯಾಂಕ್ ಖಾತೆ ತೆಗೆಯೋದು. ಲಿಬ್ರೆಆಫೀಸ್ ಹಾಕಿ, ಹೈಸ್ಕೂಲಿಗೆ ಅದು ಧಾರಾಳ ಸಾಕು.

ವಿಂಡೋಸ್ ಇರಲಿ ಅಂದ್ರೆ ಇರಲಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಡೆಯೋ ಮನೆಯಾದ್ರೆ ಆ ವೈಫೈಯನ್ನ ಮೀಟರ್ಡ್ ಕನೆಕ್ಷನ್ ಅಂತ ಗುರುತು ಹಾಕಿಕೊಡಿ. ಇಲ್ಲಾಂದ್ರೆ ಒಂದೇ ಅಪ್‌ಡೇಟ್ ಮನೆಯವರ ದಿನದ ಡೇಟಾ ಎಲ್ಲ ಕುಡಿದುಬಿಡುತ್ತೆ. ಲಿನಕ್ಸ್ ಮಿಂಟ್ ಹಾಕಿದ್ರೆ ಹಳೇ ಮೆಷಿನ್ ಹಗುರಾಗಿ ಓಡುತ್ತೆ. ಮಗುವಿಗೆ ಕಷ್ಟ ಆಗುತ್ತೆ ಅನ್ನೋದು ನಮ್ಮ ಹೆದರಿಕೆ. ವಿಂಡೋಸ್ ಕೂಡ ಗೊತ್ತಿಲ್ಲದ ಮಗುವಿಗೆ ಎರಡೂ ಹೊಸದೇ.

ಕನ್ನಡ ಸಂಘದ ಪತ್ರಿಕೆಯಲ್ಲಿ ಬರೀತಾ ಇರೋದ್ರಿಂದ ಇದನ್ನ ಗಟ್ಟಿಯಾಗಿಯೇ ಹೇಳ್ತೀನಿ: ಕನ್ನಡ ಟೈಪಿಂಗ್ ಸೆಟ್ ಮಾಡದೆ ಲ್ಯಾಪ್‌ಟಾಪ್ ಕೈಗೆ ಕೊಡಬೇಡಿ. ವಿಂಡೋಸ್‌ನಲ್ಲಿ 2019ರ ಮೇ ಅಪ್‌ಡೇಟ್‌ನಿಂದಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಒಳಗೇ ಇದೆ. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸ, ಅಂದ್ರೆ ಕೆ.ಪಿ. ರಾವ್ ಅವರು ರೂಪಿಸಿ ಕನ್ನಡ ಗಣಕ ಪರಿಷತ್ತಿನ ನುಡಿಯಿಂದ ಎಲ್ಲರಿಗೂ ಪರಿಚಯ ಆದದ್ದು, ಸೆಟಿಂಗ್ಸ್‌ನಲ್ಲೇ ಸಿಗುತ್ತೆ. ಕಲಿಸುವಾಗ ಯೂನಿಕೋಡ್‌ನಲ್ಲೇ ಕಲಿಸಿ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಫೈಲು ಫೋನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರದ ಗೋಜಲು ಕಾಣೋದು ನಮ್ಮ ಸಂಘದ ಹಳೇ ವರದಿಗಳನ್ನ ತೆಗೆದವರಿಗೆಲ್ಲ ಗೊತ್ತು. ಎರಡು ವಾರ ದಿನಾ ಹದಿನೈದು ನಿಮಿಷ ಟೈಪ್ ಮಾಡಿದ್ರೆ ಕೈ ಕೂರುತ್ತೆ. ಕನ್ನಡ ವಿಕಿಪೀಡಿಯದಲ್ಲಿ ತನ್ನ ಊರಿನ ಪುಟಕ್ಕೆ ಸರಿಯಾದ ನಾಲ್ಕು ಸಾಲು ಸೇರಿಸೋ ಒಂಬತ್ತನೇ ಕ್ಲಾಸಿನ ಮಗು ಕಂಪ್ಯೂಟರ್ ಪಾಠ, ಕನ್ನಡ ಪಾಠ ಎರಡನ್ನೂ ಒಟ್ಟಿಗೆ ಕಲೀತಾ ಇರುತ್ತೆ. ಓದೋಕೆ ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಇವೆ, ಖಾನ್ ಅಕಾಡೆಮಿಯ ಕನ್ನಡ ಪಾಠಗಳಿವೆ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ವಿವರಿಸೋ ವಿಡಿಯೊಗಳಿವೆ. ಇವನ್ನ ಬುಕ್‌ಮಾರ್ಕ್ ಮಾಡಿಕೊಡೋಕೆ ಐದು ನಿಮಿಷ.

ಯಾರ ಲ್ಯಾಪ್‌ಟಾಪ್ ಅದು?

ಯಾವ ಮಾಡೆಲ್ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ ಇದು. ಬರೋ ಫೋನ್‌ಗಳನ್ನ ಗಮನಿಸಿ. "ನಮ್ಮ ಹುಡುಗನಿಗೆ" ಅನ್ನೋದೇ ಹೆಚ್ಚು. ಅದೇ ಮನೆಯಲ್ಲಿ ಹತ್ತನೇ ಕ್ಲಾಸೋ ಪಿಯುಸಿಯೋ ಓದೋ ಹುಡುಗಿ ಇರ್ತಾಳೆ. ಅವಳಿಗೆ ಅಮ್ಮನ ಫೋನು, ಅದೂ ಅಡುಗೆ ಮುಗಿದ ಮೇಲೆ. ಹುಡುಗನ ಕೋಣೆಗೆ ಎಪ್ಪತ್ತು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ಹೋದ್ರೆ ಅದು ಅವನದು, ಬಾಗಿಲೂ ಅವನದು. ಮುಟ್ಟಿದ್ರೆ ಜಗಳ.

25 ಸಾವಿರದ ಮೆಷಿನ್ ಆದ್ರೆ ಅದನ್ನ ಮನೆಯ ಲ್ಯಾಪ್‌ಟಾಪ್ ಅಂತ ಹೇಳೋದು ಸುಲಭ. ನಡುಮನೆಯಲ್ಲಿ ಟೇಬಲ್ ಮೇಲೆ ಇಡಿ. ಅಕ್ಕನಿಗೊಂದು, ತಮ್ಮನಿಗೊಂದು ಬೇರೆ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ, ಪಾಸ್‌ವರ್ಡ್ ಅವರವರಿಗೆ. ಇಬ್ಬರ ಹೆಸರೂ ಲಾಗಿನ್ ಸ್ಕ್ರೀನ್ ಮೇಲೆ ಒಂದೇ ಗಾತ್ರದಲ್ಲಿ ಕಾಣಲಿ. "ಲ್ಯಾಪ್‌ಟಾಪ್ ಕೊಟ್ರೆ ಗೇಮ್ ಆಡ್ತಾನೆ" ಅನ್ನೋ ಅಪ್ಪಂದಿರ ಭಯಕ್ಕೂ ಅರ್ಧ ಉತ್ತರ ಇಲ್ಲೇ ಇದೆ. ನಡುಮನೆಯಲ್ಲಿ ಕೂತು, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮೆಷಿನ್‌ನಲ್ಲಿ, ಅಕ್ಕ ಸರದಿಗೆ ಕಾಯ್ತಿರುವಾಗ ಎಷ್ಟು ಹೊತ್ತು ಆಡ್ತಾನೆ?

ಸ್ವಲ್ಪ ಗೇಮ್ ಆಡ್ಲಿ ಬಿಡಿ. ನಾವೇನು ಆಡದೇ ಬಂದವರಾ?

ನಮ್ಮಿಂದ ಆಗೋ ಕೆಲಸ

ಫೈನಲ್ ಇಯರ್ ಮುಗಿಸಿ ಹೋಗೋರ ಹಾಸ್ಟೆಲ್ ಕೋಣೆಗಳಲ್ಲಿ ಎಷ್ಟು ಲ್ಯಾಪ್‌ಟಾಪ್ ಸುಮ್ನೆ ಬಿದ್ದಿರುತ್ತೆ ಅಂತ ಒಂದು ಸುತ್ತು ಹಾಕಿ ನೋಡಿ. ಕೆಲಸ ಸಿಕ್ಕ ಮೇಲೆ ಕಂಪನಿಯವರು ಹೊಸದು ಕೊಡ್ತಾರೆ. ಹಳೇದು ಚೀಲದಲ್ಲಿ ಕೂತು ಬ್ಯಾಟರಿ ಊದಿಸಿಕೊಳ್ಳುತ್ತೆ. ಎಸ್‌ಎಸ್‌ಡಿ ಬದಲಾಯಿಸಿ, ಡೇಟಾ ಪೂರ್ತಿ ಅಳಿಸಿ, ಲಿನಕ್ಸ್ ಮತ್ತು ಕನ್ನಡ ಕೀಬೋರ್ಡ್ ಹಾಕಿದ್ರೆ ಅದು ಊರಿನ ಒಂದು ಮಗುವಿಗೆ ನಾಲ್ಕು ವರ್ಷ ನಡೆಯುತ್ತೆ. ನಮ್ಮ ಸಂಘ ಪ್ರತಿ ವರ್ಷ ನವೆಂಬರಲ್ಲಿ ರಾಜ್ಯೋತ್ಸವ ಮಾಡುತ್ತೆ, ಡಿಜೆಗೆ ಖರ್ಚು ಮಾಡೋ ದುಡ್ಡು ಎಷ್ಟು ಅಂತ ಲೆಕ್ಕಪತ್ರ ನೋಡಿದವರಿಗೆ ಗೊತ್ತು. ಅದರ ಒಂದು ಪಾಲಲ್ಲಿ ಒಂದಿಷ್ಟು ಎಸ್‌ಎಸ್‌ಡಿ, ರ‍್ಯಾಮ್ ತಂದು ಎರಡು ಶನಿವಾರ ಕೂತ್ರೆ ಹತ್ತು ಮೆಷಿನ್ ಆದ್ರೂ ಎದ್ದು ನಿಲ್ತವೆ. ಕಂಪ್ಯೂಟರ್ ಸೈನ್ಸ್‌ನವರು ಸಾಫ್ಟ್‌ವೇರ್ ನೋಡ್ಲಿ, ಎಲೆಕ್ಟ್ರಾನಿಕ್ಸ್‌ನವರು ಬೋರ್ಡ್ ಬ್ಯಾಟರಿ ನೋಡ್ಲಿ. ಯಾವ ಶಾಲೆಗೆ, ಯಾವ ಮನೆಗೆ ಅನ್ನೋದನ್ನ ಆಯಾ ತಾಲ್ಲೂಕಿನ ಹುಡುಗ ಹುಡುಗಿಯರೇ ಊರಿನ ಮೇಷ್ಟ್ರನ್ನ ಕೇಳಿ ತೀರ್ಮಾನ ಮಾಡಲಿ. ಮುಂದಿನ ಸಂಘದ ಸಭೆಗೆ ಈ ವಿಷಯ ಅಜೆಂಡಾದಲ್ಲಿ ಸೇರಿಸಿ ಅಂತ ಕಾರ್ಯದರ್ಶಿಗಳಲ್ಲಿ ಈ ಮೂಲಕ ಕೇಳ್ತಾ ಇದೀನಿ.

ಅಲ್ಲಿವರೆಗೆ ಫೋನ್ ಬಂದಾಗ ಮಾಡೆಲ್ ಹೆಸರು ಹೇಳೋ ಮೊದಲು ಮೂರು ಪ್ರಶ್ನೆ ಕೇಳಿ. "ದುಡ್ಡು ಸಾಲ ಮಾಡಿ ತರ್ತಿದೀರಾ ಮಾವ, ಕೈಯಲ್ಲಿರೋದಾ?" "ಮನೇಲಿ ಓದೋರು ಎಷ್ಟು ಜನ?" "ನೆಟ್ ಯಾವುದು, ಕರೆಂಟ್ ಹೆಂಗೆ?" ಉತ್ತರ ಕೇಳಿದ ಮೇಲೆ ಬಹಳ ಸಲ ಆರ್‌ಟಿಎಕ್ಸ್ ಅನ್ನೋ ಪದ ನಮ್ಮ ಬಾಯಿಗೆ ಬರೋದೇ ಇಲ್ಲ.